ಪಾರ್ಕಿನ ಹೆಸರು, ಪಾಡಿನ ಹೆಸರು

ದಾದರಿನ ಶಿವಾಜಿ ಪಾರ್ಕ್ 1925ರಲ್ಲಿ ಜನರಿಗೆ ತೆರೆದಾಗ ಅದು ಮಾಹಿಮ್ ಪಾರ್ಕ್ ಆಗಿತ್ತು. ನಗರಪಾಲಿಕೆಯ ಸದಸ್ಯೆ ಅವಂತಿಕಾಬಾಯಿ ಗೋಖಲೆಯವರ ಒತ್ತಾಸೆಯಿಂದ 1927ರಲ್ಲಿ ಈಗಿನ ಹೆಸರು ಬಂದಿತು. ಹಳೆಯದನ್ನು ನಾವು ಮರೆತೆವು.

ಅಮೆರಿಕದಲ್ಲಿ ಇದಕ್ಕೆ ತಿರುವುಮುರುವಾದುದು ನಡೆದಿದೆ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಹುಟ್ಟಿದ ತಂಡವೊಂದು ಝೀರೋ, ಹೈಬ್ರಿಡ್ ಥಿಯರಿ ಎಂಬ ಹೆಸರುಗಳನ್ನು ದಾಟಿ, ಸಾಂಟಾ ಮೋನಿಕಾದ ಲಿಂಕನ್ ಪಾರ್ಕಿನ ಹೆಸರನ್ನು ಕೊಂಚ ತಿದ್ದಿ ಲಿಂಕಿನ್ ಪಾರ್ಕ್ ಆಯಿತು. ಆ ಉದ್ಯಾನಕ್ಕೆ ಈಗ ಮಾಜಿ ಮೇಯರ್ ಕ್ರಿಸ್ಟೀನ್ ರೀಡ್ ಅವರ ಹೆಸರು. ಹಳೆಯ ಹೆಸರನ್ನು ಲೋಕಕ್ಕೆ ಕೊಂಡೊಯ್ದವರು ಹಾಡುಗಾರರು. ಗಿಟಾರಿನ ಅಬ್ಬರಕ್ಕೆ ರ್ಯಾಪ್ ಬೆರೆಸಿದ ನು ಮೆಟಲ್ ಶೈಲಿಯ ಅವರ ಮೊದಲ ಆಲ್ಬಂ 2000ದಲ್ಲಿ ಬಂದಿತು.

2017ರಲ್ಲಿ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ತೀರಿಕೊಂಡರು. ದನಿಯೇ ಹೋದ ಮೇಲೆ ಹೆಸರು ಯಾರದು? ಏಳು ವರ್ಷಗಳ ಬಳಿಕ ತಂಡ ಎಮಿಲಿ ಆರ್ಮ್‌ಸ್ಟ್ರಾಂಗ್ ಅವರೊಡನೆ ಅದೇ ಹೆಸರಿನಲ್ಲಿ ಮರಳಿತು. ಹೊಸ ಆಲ್ಬಮ್ಮನ್ನು, ತನ್ನ ಮೊದಲ ಹೆಸರು ನೆನಪಾಗುವಂತೆ, ‘ಫ್ರಮ್ ಝೀರೋ’ ಎಂದು ಕರೆಯಿತು. ಕೆಲವು ಅಭಿಮಾನಿಗಳು ಒಪ್ಪಲಿಲ್ಲ.

ಊರು ಬಿಟ್ಟು ಬಂದರೂ ಊರ ಹೆಸರನ್ನು ಅಡ್ಡಹೆಸರಾಗಿ ಹೊತ್ತು ಬದುಕುವ ಮುಂಬಯಿ ಕನ್ನಡಿಗರಾದ ನಮಗೆ ಆ ಹಟವೂ ಅರ್ಥವಾಗುತ್ತದೆ, ಆ ನೋವೂ.