ಬಡಾವಣೆ ಮಧ್ಯಮ ವರ್ಗದ್ದಾದ ಬಗೆ

ಹೊಸೂರಿನಿಂದ ಬಾಗಲೂರಿನ ಕಡೆಗೋ ಮತ್ತಿಗಿರಿಯ ಕಡೆಗೋ ಹೊರಟರೆ ಹೊಸ ಬಡಾವಣೆಗಳ ಫಲಕಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ನಿವೇಶನದ ಗಡಿಕಲ್ಲುಗಳು ನಿಂತಿವೆ. ಇವುಗಳಲ್ಲಿ ಕೆಲವು ಮಧ್ಯಮ ವರ್ಗದವರಿಗೆ, ಕೆಲವು ಅವರಿಗಿಂತ ಒಂದು ಮೆಟ್ಟಿಲು ಮೇಲಿನವರಿಗೆ ಎಂಬುದನ್ನು ಯಾರೂ ಹೇಳಿಕೊಡದೆಯೇ ನಾವು ಗುರುತಿಸುತ್ತೇವೆ. ಈ ಗುರುತು ಎಲ್ಲಿಂದ ಬಂದಿತು? ನಿವಾಸಿಗಳ ವರಮಾನವೊಂದೇ ಇದನ್ನು ನಿರ್ಧರಿಸುತ್ತದೆಯೇ? ಉತ್ತರವನ್ನು ಹುಡುಕಲು ನಾವು ಸುಮಾರು ನಲವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ, ನೂರಿಪ್ಪತ್ತೈದು ವರ್ಷಗಳಿಗೂ ಹಿಂದಿನ ಕಾಲಕ್ಕೆ ಹೋಗಬೇಕಾಗುತ್ತದೆ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ವರ್ಗಕ್ಕೆ ತಕ್ಕಂತೆ ಪ್ರತ್ಯೇಕ ಪ್ರದೇಶಗಳಿರಲಿಲ್ಲ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಹೇಳುವಂತೆ ಅಲ್ಲಿ ನೆಲೆಯನ್ನು ನಿರ್ಧರಿಸುತ್ತಿದ್ದುದು ಕಸುಬು ಮತ್ತು ಕುಲ. ವರ್ತಕನ ಮನೆ ಅಂಗಡಿಯ ಹಿಂದೆಯೋ ಮೇಲೆಯೋ ಇರುತ್ತಿತ್ತು. ಧಣಿಯೂ ಆಳೂ ಒಂದೇ ಓಣಿಯ ಗಾಳಿಯನ್ನು ಉಸಿರಾಡುತ್ತಿದ್ದರು. ಮನೆಯೇ ಬೇರೆ, ದುಡಿಮೆಯ ಸ್ಥಳವೇ ಬೇರೆ ಎಂಬ ಬದುಕು ತಿಂಗಳ ಸಂಬಳದ ಕಚೇರಿ ನೌಕರಿಯ ಜೊತೆಗೆ ವ್ಯಾಪಕವಾಗಿ ಬೇರೂರಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, 1892ರ ಸುಮಾರಿಗೆ, ಚಾಮರಾಜಪೇಟೆ ಮತ್ತು ಶೇಷಾದ್ರಿಪುರಗಳು ರೂಪುಗೊಂಡವು. ಪೇಟೆಯ ಹೊರಗೆ ಅಳತೆಮಾಡಿ ಬಿಡಿಸಿದ ನೇರ ಬೀದಿಗಳಲ್ಲಿ ಬದುಕುವ ರೂಢಿ ಹೀಗೆ ಆರಂಭವಾಯಿತು.

ಈ ರೂಢಿಗೆ ವೇಗವನ್ನು ಕೊಟ್ಟದ್ದು ಮಹಾಮಾರಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೂ ಬಂದಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಪೇಟೆಯಿಂದ ಜನರು ಬಯಲಿಗೆ ಓಡಿದರು. ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆಗಳು, ಮನೆಯ ಸುತ್ತ ತೆರಪು, ಚರಂಡಿ, ಉದ್ಯಾನಗಳಿಗೆ ಅವಕಾಶವಾಯಿತು. ಅದಕ್ಕೆ ಎರಡು ವರ್ಷ ಮೊದಲೇ, 1896ರಲ್ಲಿ, ಹೆಸರಘಟ್ಟದ ನೀರು ಕೊಳಾಯಿಯ ಮೂಲಕ ನಗರಕ್ಕೆ ಹರಿದಿತ್ತು. 1905ರಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆರೋಗ್ಯಕ್ಕಾಗಿ ಹುಟ್ಟಿದ ಊರು ಕ್ರಮೇಣ ಅಂತಸ್ತಿನ ಊರಾಗಿ ಪರಿಣಮಿಸಿತು.

ಆದರೆ ಶುದ್ಧವಾದ ಗಾಳಿಯು ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗಲಿಲ್ಲ ಎಂಬುದನ್ನು ನಾವು ಮರೆಯಬಾರದು. ಈ ಬಡಾವಣೆಗಳ ನಕ್ಷೆಯಲ್ಲಿಯೇ ಜಾತಿ, ಮತಗಳಿಗೆ ಅನುಗುಣವಾದ ಭಾಗಗಳಿದ್ದವು. ಸರ್ಕಾರದ ನೌಕರಿಗಳಲ್ಲಿ ಒಂದೇ ಸಮುದಾಯದ ಪ್ರಾಬಲ್ಯವಿದ್ದ ಕಾಲವದು. ಅದರ ವಿರುದ್ಧದ ಅಹವಾಲುಗಳಿಂದಾಗಿಯೇ ಮೈಸೂರು ಸರ್ಕಾರವು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಸಂಬಳವಿದ್ದವನಿಗೆ ನಿವೇಶನ, ನಿವೇಶನವಿದ್ದವನ ಮಕ್ಕಳಿಗೆ ಶಾಲೆ, ಶಾಲೆ ಕಲಿತವರಿಗೆ ಮತ್ತೆ ಸಂಬಳ: ಈ ಚಕ್ರದೊಳಗೆ ಇದ್ದವರು ಮಧ್ಯಮ ವರ್ಗದವರಾದರು. ಹೊರಗೆ ಉಳಿದವರ ಗುರುತು ಮನೆಗಳ ಹಿಂದಿನ ಕಿರುಓಣಿಗಳಲ್ಲಿದೆ. ಮಲ ಹೊರುವವರು ಮನೆಯ ಮುಂಬಾಗಿಲಿನ ಬೀದಿಯಲ್ಲಿ ಕಾಣಿಸಿಕೊಳ್ಳದಂತೆ ಬಂದು ಹೋಗಲೆಂದು ಬಿಟ್ಟ 'ಕನ್ಸರ್ವೆನ್ಸಿ' ಓಣಿಗಳು ಮಲ್ಲೇಶ್ವರದಲ್ಲಿಯೂ ಬಸವನಗುಡಿಯಲ್ಲಿಯೂ ಇಂದಿಗೂ ಉಳಿದಿವೆ. ಬಡಾವಣೆಯ ನೈರ್ಮಲ್ಯವನ್ನು ಕಾಯ್ದವರಿಗೆ ಬಡಾವಣೆಯಲ್ಲಿ ಮನೆಯಿರಲಿಲ್ಲ. ಸುಂಕೇನಹಳ್ಳಿ, ಮಾವಳ್ಳಿ, ಗವಿಪುರಗಳಂತಹ ಹಳ್ಳಿಗಳು ಹೊಸ ಬೀದಿಗಳ ನಡುವೆ ಹಳೆಯ ಗುರುತುಗಳಾಗಿ ಉಳಿದವು.

ಇದೇ ಪ್ಲೇಗು ಮುಂಬಯಿಯಲ್ಲಿಯೂ ಇದೇ ಬಗೆಯ ಊರನ್ನು ಕಟ್ಟಿಸಿತು. 1898ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟು ದಾದರ್ ಮತ್ತು ಮಾಟುಂಗಾ ಬಡಾವಣೆಗಳನ್ನು ಯೋಜಿಸಿತು. ಅಲ್ಲಿ ನೆಲದ ಕೊರತೆಯಿಂದ ಸ್ವಂತ ನಿವೇಶನಕ್ಕೆ ಬದಲಾಗಿ ಬಾಡಿಗೆಯ ಫ್ಲಾಟು ಬಂದಿತು. ಚಾಳಿನಲ್ಲಿ ಶೌಚಾಲಯ ಹತ್ತಾರು ಸಂಸಾರಗಳಿಗೆ ಸಾಮಾನ್ಯವಾದರೆ, ಫ್ಲಾಟಿನಲ್ಲಿ ಅದು ಮನೆಯೊಳಗೇ ಇದ್ದಿತು. ಕಾರ್ಮಿಕನಿಗೂ ಗುಮಾಸ್ತನಿಗೂ ನಡುವಣ ಗೆರೆಯನ್ನು ಎಳೆದದ್ದು ಆ ಒಂದು ಬಾಗಿಲು. ದಕ್ಷಿಣದಿಂದ ಹೋದ ನೌಕರರು ಮಾಟುಂಗಾದಲ್ಲಿ ನೆಲೆಸಿದರು. ಮೈಸೂರು ಅಸೋಸಿಯೇಷನ್ ಅಲ್ಲಿ ಬೇರೂರಿತು, ಉಡುಪಿಯವರ ಊಟದ ಮನೆಗಳು ತೆರೆದವು. ಹೊರನಾಡ ಕನ್ನಡಿಗರಾದ ನಮಗೆ ಈ ಸಂಗತಿ ಮುಖ್ಯ: ನೆಲ ತಮ್ಮದಲ್ಲದಿದ್ದರೂ ಸಂಸ್ಥೆಗಳನ್ನು ಕಟ್ಟಿಕೊಂಡು ಅವರು ಆ ಊರನ್ನು ತಮ್ಮದಾಗಿಸಿಕೊಂಡರು.

ಬೆಂಗಳೂರಿನಲ್ಲಿಯೂ ಬಡಾವಣೆಗೆ ಜೀವ ತುಂಬಿದವು ಸಂಸ್ಥೆಗಳೇ. 1915ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆಗೊಂಡಿತು. 1917ರಲ್ಲಿ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ತಲೆಯೆತ್ತಿತು. ಡಿ.ವಿ.ಜಿ. ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಸರ್ಕಾರಿ ಸೇವೆಯಲ್ಲಿದ್ದ ಮಾಸ್ತಿಯವರ ಮನೆ ಗವಿಪುರದಲ್ಲಿತ್ತು. ಸಂಜೆ ಐದರ ಬಳಿಕ ದೊರೆಯುವ ಬಿಡುವು, ತಿಂಗಳ ಕೊನೆಯ ಸಂಬಳ, ನಡೆದು ಹೋಗುವ ದೂರದಲ್ಲಿ ವಾಚನಾಲಯ: ನವೋದಯದ ಕನ್ನಡಕ್ಕೆ ಓದುಗರನ್ನು ಒದಗಿಸಿದ್ದರಲ್ಲಿ ಇವುಗಳ ಪಾಲೂ ಇದೆ.

ಸ್ವಾತಂತ್ರ್ಯಾನಂತರ ವರ್ಗದ ಭಾಷೆ ಬದಲಾಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. 1948ರಲ್ಲಿ ಜಯನಗರದ ಆರಂಭದ ಸ್ಮಾರಕವಾದ ಅಶೋಕ ಸ್ತಂಭವನ್ನು ಉದ್ಘಾಟಿಸಿದವರು ಅಂದಿನ ಗವರ್ನರ್ ಜನರಲ್ ರಾಜಾಜಿಯವರು. ಅವರು ಹುಟ್ಟಿದ್ದು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಎಂಬುದು ನಮಗೆ ಸಂತೋಷದ ಸಂಗತಿ. ಜಯನಗರದ ಭಾಗಗಳಿಗೆ ಇದ್ದುದು ಬರಿಯ ಅಂಕೆಗಳು. ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳ ನೌಕರಿಯಿಂದಾಗಿ ಅನೇಕ ಸಮುದಾಯಗಳ ಮಕ್ಕಳು ಸಂಬಳದ ಚಕ್ರದೊಳಗೆ ಬಂದರು. ಜಾತಿಯ ಭಾಗಗಳ ಸ್ಥಾನದಲ್ಲಿ ನಿವೇಶನದ ಅಳತೆ ಮಾತನಾಡತೊಡಗಿತು. ಇಪ್ಪತ್ತು ಮೂವತ್ತು ಎಂದರೆ ಬಡವರದು, ಮೂವತ್ತು ನಲವತ್ತು ಎಂದರೆ ಮಧ್ಯಮ ವರ್ಗದ್ದು, ನಲವತ್ತು ಅರವತ್ತು ಎಂದರೆ ಮೇಲಿನವರದು, ಐವತ್ತು ಎಂಬತ್ತು ಎಂದರೆ ಅವರಿಗೂ ಮೇಲಿನವರದು. ಅಡಿಗಳ ಲೆಕ್ಕವೇ ಮನುಷ್ಯರ ಲೆಕ್ಕವಾಯಿತು. ಜಾತಿ ಮಾಯವಾಯಿತೆಂದು ಇದರ ಅರ್ಥವಲ್ಲ. ಬಾಡಿಗೆಗೆ ಮನೆ ಕೇಳಲು ಹೋದವರಿಗೆ ಅದು ಬಾಗಿಲಲ್ಲಿಯೇ ಎದುರಾಗುತ್ತಿತ್ತು.

ಈಗ ಮರಳಿ ಹೊಸೂರಿಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಸಂಬಳದ ವರ್ಗ ಇಲ್ಲಿಯೂ ಬೆಳೆಯಿತು. ಮೊದಲು ವಸತಿ ಮಂಡಳಿಯ ಮನೆಗಳು, ಅನಂತರ ಖಾಸಗಿ ಬಡಾವಣೆಗಳು, ಈಚೆಗೆ ಕಾವಲುಗಾರರಿರುವ ಗೇಟಿನೊಳಗಿನ ವಿಲ್ಲಾಗಳು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು.

ಇತಿಹಾಸವು ನಮಗೆ ತೋರಿಸುವ ಉತ್ತರವಿದು: ನಿಶ್ಚಿತ ವರಮಾನ, ನಿರ್ವಿವಾದವಾದ ಹಕ್ಕುಪತ್ರ, ನೀರು, ಚರಂಡಿ, ಹತ್ತಿರದ ಶಾಲೆ ಇವು ಕೂಡಿದಾಗ ಬಡಾವಣೆ ಮಧ್ಯಮ ವರ್ಗದ್ದಾಗುತ್ತದೆ. ಇವೆಲ್ಲವೂ ಇದ್ದು, ಅದರ ಮೇಲೆ ಇತರರನ್ನು ದೂರವಿಡುವ ಸಾಮರ್ಥ್ಯವೂ ಸೇರಿದಾಗ ಅದು ಮೇಲ್ಮಧ್ಯಮ ವರ್ಗದ್ದಾಗುತ್ತದೆ. ಹಿಂದೆ ಆ ಕೆಲಸವನ್ನು ನಕ್ಷೆಯ ಜಾತಿ ಮಾಡಿತು, ಬಳಿಕ ನಿವೇಶನದ ಅಳತೆ ಮಾಡಿತು, ಇಂದು ಗೇಟು ಮಾಡುತ್ತಿದೆ.

ಹೊಲವನ್ನು ಮಾರಿದ ನಮ್ಮ ಹಳ್ಳಿಗಳ ಕನ್ನಡಿಗರು ಆ ಗೇಟಿನ ಯಾವ ಬದಿಯಲ್ಲಿರುವರು ಎಂಬುದು ನಮ್ಮ ಮುಂದಿರುವ ನಿಜವಾದ ಪ್ರಶ್ನೆ. ಮಾರಿದ ನೆಲದ ಮೇಲೆ ಎದ್ದ ಮನೆಗಳಲ್ಲಿ ತೋಟಗೆಲಸಕ್ಕೆ, ಕಸ ಗುಡಿಸುವುದಕ್ಕೆ ಅವರು ಮರಳಿ ಬರುವಂತಾದರೆ ಹಿಂದಿನ ಓಣಿಯ ಕಥೆಯೇ ಮರುಕಳಿಸಿದಂತಾಗುತ್ತದೆ. ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆಯಿದೆ, ಉದ್ಯಾನಕ್ಕೆ ಜಾಗವಿದೆ. ಕನ್ನಡದ ಒಂದು ಪುಸ್ತಕ ದೊರೆಯುವ ಕೋಣೆಯಿಲ್ಲ. ಬಸವನಗುಡಿಯಿಂದ ನಾವು ಕಲಿಯಬೇಕಾದದ್ದು ಆ ಕೋಣೆಯನ್ನು, ಬಿಡಬೇಕಾದದ್ದು ಆ ಓಣಿಯನ್ನು. ನೆಲ ಕೊಟ್ಟವರೂ ನೆಲ ಕೊಂಡವರೂ ಜೊತೆಯಾಗಿ ಕುಳಿತು ಓದಬಲ್ಲ ಒಂದು ವಾಚನಾಲಯ ಪ್ರತಿಯೊಂದು ಬಡಾವಣೆಯಲ್ಲಿಯೂ ತೆರೆಯಲೆಂದು ಈ ಸಮ್ಮೇಳನದ ಸಂದರ್ಭದಲ್ಲಿ ನಾವು ಆಶಿಸುತ್ತೇವೆ.