ಮಹಿಳಾ ಫುಟ್‌ಬಾಲ್ ವಿಶ್ವಕಪ್: ಇತಿಹಾಸ

ರಾಷ್ಟ್ರೀಯ ಮಹಿಳಾ ತಂಡಗಳಿಗಾಗಿ ಫಿಫಾ ನಾಲ್ಕು ವರ್ಷಕ್ಕೊಮ್ಮೆ ನಡೆಸುವ ಪಂದ್ಯಾವಳಿ. ಅಧಿಕೃತ ಲೆಕ್ಕದಲ್ಲಿ ಇದು 1991ರಲ್ಲಿ ಚೀನಾದಲ್ಲಿ ಆರಂಭವಾಯಿತು. ಹತ್ತನೆಯ ಟೂರ್ನಿ 2027ರ ಜೂನ್ 24ರಿಂದ ಜುಲೈ 25ರವರೆಗೆ ಬ್ರೆಜಿಲ್‌ನಲ್ಲಿ ನಿಗದಿಯಾಗಿದೆ. ದಕ್ಷಿಣ ಅಮೆರಿಕಕ್ಕೆ ಇದರ ಆತಿಥ್ಯ ಸಿಕ್ಕಿರುವುದು ಇದೇ ಮೊದಲು. 2023ರವರೆಗಿನ ಒಂಬತ್ತು ಟೂರ್ನಿಗಳಲ್ಲಿ ಅಮೆರಿಕ ನಾಲ್ಕು ಬಾರಿ (1991, 1999, 2015, 2019), ಜರ್ಮನಿ ಎರಡು ಬಾರಿ (2003, 2007), ನಾರ್ವೆ (1995), ಜಪಾನ್ (2011) ಮತ್ತು ಸ್ಪೇನ್ (2023) ತಲಾ ಒಮ್ಮೆ ಕಪ್ ಗೆದ್ದಿವೆ.

ಈ ಒಂಬತ್ತು ಟೂರ್ನಿಗಳ ಅಂಕಿಅಂಶ ಎಲ್ಲೆಡೆ ಸಿಗುತ್ತದೆ, ಅದರಲ್ಲಿ ತಕರಾರೂ ಇಲ್ಲ. ತಕರಾರಿರುವುದು ಎರಡು ಕಡೆ. ಒಂದು, 1991ಕ್ಕಿಂತ ಮೊದಲು ಈ ಹೆಸರಿನಲ್ಲೇ ನಡೆದ ಟೂರ್ನಿಗಳನ್ನು ಏನೆಂದು ಪರಿಗಣಿಸಬೇಕು ಎಂಬುದು. ಇನ್ನೊಂದು, 2027ರ ಆತಿಥೇಯ ದೇಶವೇ ಹೆಣ್ಣುಮಕ್ಕಳ ಫುಟ್‌ಬಾಲನ್ನು ಸುಮಾರು ನಾಲ್ಕು ದಶಕಗಳ ಕಾಲ ಕಾನೂನಿನ ಮೂಲಕ ತಡೆದ ಚರಿತ್ರೆ. ಸಾಮಾನ್ಯ ಆಕರಗಳು ಇವೆರಡನ್ನೂ ಒಂದೊಂದು ಸಾಲಿನಲ್ಲಿ ಮುಗಿಸುವುದರಿಂದ ಇಲ್ಲಿ ಇವಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಅಧಿಕೃತವಲ್ಲದ ವಿಶ್ವಕಪ್‌ಗಳು

1960ರ ದಶಕದ ಕೊನೆಗೆ ಯುರೋಪಿನಲ್ಲಿ ಮಹಿಳಾ ಫುಟ್‌ಬಾಲ್ ಎರಡು ಶಕ್ತಿಗಳ ನಡುವೆ ಸಿಕ್ಕಿಕೊಂಡಿತ್ತು. ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗಳಿಗೆ ಅದು ಬೇಡವಾಗಿತ್ತು. ಇಂಗ್ಲೆಂಡಿನ ಸಂಸ್ಥೆ 1921ರ ಡಿಸೆಂಬರ್ 5ರಂದು, ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಮಹಿಳೆಯರಿಗೆ ಕೊಡಕೂಡದೆಂದು ಆದೇಶಿಸಿತ್ತು. ಅದಕ್ಕೆ ಒಂದು ವರ್ಷದ ಹಿಂದಷ್ಟೇ, ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದೇ ನಿಷೇಧವಿತ್ತು. ಇನ್ನೊಂದೆಡೆ, ಟಿಕೆಟ್ ಮಾರಿದರೆ ಜನ ಬರುತ್ತಾರೆ ಎಂಬುದನ್ನು ಖಾಸಗಿ ಆಯೋಜಕರು ಕಂಡುಕೊಂಡಿದ್ದರು. ಇಟಲಿಯಲ್ಲಿ ನೆಲೆಯೂರಿದ ಒಂದು ಸ್ವತಂತ್ರ ಒಕ್ಕೂಟ, ಮದ್ಯ ತಯಾರಿಸುವ ಮಾರ್ಟಿನಿ ಆ್ಯಂಡ್ ರೊಸ್ಸಿ ಕಂಪನಿಯ ಹಣದ ಬಲದಿಂದ 1970ರ ಜುಲೈಯಲ್ಲಿ ಏಳು ತಂಡಗಳ ಟೂರ್ನಿ ನಡೆಸಿತು. ಟ್ಯೂರಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಡೆನ್ಮಾರ್ಕ್ ಇಟಲಿಯನ್ನು 2–0ಯಿಂದ ಮಣಿಸಿತು. ಡೆನ್ಮಾರ್ಕ್ ಹೆಸರಿನಲ್ಲಿ ಆಡಿದ್ದು ಫೆಮಿನಾ ಎಂಬ ಕ್ಲಬ್ ತಂಡ.

ಮರುವರ್ಷ ಮೆಕ್ಸಿಕೊದಲ್ಲಿ ನಡೆದದ್ದರ ಗಾತ್ರವೇ ಬೇರೆ. 1971ರ ಆಗಸ್ಟ್ 15ರಿಂದ ಸೆಪ್ಟೆಂಬರ್ 5ರವರೆಗೆ ಮೆಕ್ಸಿಕೊ, ಅರ್ಜೆಂಟೀನಾ, ಇಂಗ್ಲೆಂಡ್, ಫ್ರಾನ್ಸ್, ಇಟಲಿ ಮತ್ತು ಡೆನ್ಮಾರ್ಕ್ ತಂಡಗಳು ಆಡಿದವು. ಫಿಫಾದ ಒತ್ತಡದಿಂದಾಗಿ ಮೆಕ್ಸಿಕೊ ಫುಟ್‌ಬಾಲ್ ಸಂಸ್ಥೆ ತನ್ನ ಹಿಡಿತದ ಮೈದಾನಗಳನ್ನು ಕೊಡಲಿಲ್ಲ. ಹೀಗಾಗಿ ಆಯೋಜಕರು ಖಾಸಗಿ ಒಡೆತನದ ಅಜ್ಟೆಕಾ ಕ್ರೀಡಾಂಗಣಕ್ಕೆ ಹೋದರು, ಗ್ವಾಡಲಹಾರಾದ ಜಲಿಸ್ಕೊ ಕ್ರೀಡಾಂಗಣವನ್ನೂ ಹಿಡಿದರು. ತಡೆಯಲೆಂದು ಮಾಡಿದ ಕ್ರಮದಿಂದ ದೇಶದ ಅತಿದೊಡ್ಡ ಕ್ರೀಡಾಂಗಣವೇ ಈ ಹೆಣ್ಣುಮಕ್ಕಳ ಪಾಲಿಗೆ ಬಂತು. ಗೋಲು ಕಂಬಗಳಿಗೆ ಗುಲಾಬಿ ಮತ್ತು ಬಿಳಿ ಪಟ್ಟೆ ಬಳಿದಿದ್ದರು. ಪ್ರಚಾರದಲ್ಲಿ ಆಟಕ್ಕಿಂತ ಆಟಗಾರ್ತಿಯರ ರೂಪಕ್ಕೆ ಹೆಚ್ಚು ಒತ್ತು ಕೊಡಲಾಗಿತ್ತು. ಆದರೆ ಮೈದಾನದಲ್ಲಿ ಕಂಡದ್ದು ಪಕ್ಕಾ ಫುಟ್‌ಬಾಲ್. ಅರ್ಜೆಂಟೀನಾ ತಂಡ ತರಬೇತುದಾರರಾಗಲಿ ವೈದ್ಯರಾಗಲಿ ಇಲ್ಲದೆ ಬಂದಿಳಿದಿತ್ತು. ಆಗಸ್ಟ್ 21ರಂದು ಅದೇ ತಂಡ ಇಂಗ್ಲೆಂಡನ್ನು 4–1ರಿಂದ ಸೋಲಿಸಿತು. ನಾಲ್ಕೂ ಗೋಲು ಎಲ್ಬಾ ಸೆಲ್ವಾ ಅವರದು. ಅರ್ಜೆಂಟೀನಾದಲ್ಲಿ ಆಗಸ್ಟ್ 21 ಈಗ ಫುಟ್‌ಬಾಲ್ ಆಟಗಾರ್ತಿಯರ ದಿನ.

ಫೈನಲ್‌ಗೆ ಮೊದಲು ಮೆಕ್ಸಿಕೊ ಆಟಗಾರ್ತಿಯರು ಸಂಭಾವನೆ ಕೇಳಿದರು. ಟಿಕೆಟ್ ಹಣ ಹರಿದುಬರುತ್ತಿದೆ, ಅದರಲ್ಲಿ ನಮ್ಮ ಪಾಲೆಲ್ಲಿ ಎಂಬುದು ಅವರ ಪ್ರಶ್ನೆ. ಕೊಡದಿದ್ದರೆ ಕಣಕ್ಕಿಳಿಯುವುದಿಲ್ಲ ಎಂದರು. ಪತ್ರಿಕೆಗಳು ಅವರ ಮೇಲೆಯೇ ಹರಿಹಾಯ್ದವು. ಕೊನೆಗೆ ಅವರು ಬರಿಗೈಯಲ್ಲೇ ಆಡಿದರು. ಡೆನ್ಮಾರ್ಕ್ 3–0ಯಿಂದ ಗೆದ್ದಿತು. ಮೂರೂ ಗೋಲು ಹೊಡೆದ ಸುಸಾನ್ ಅಗಸ್ಟೆಸೆನ್ ಅವರಿಗೆ ಆಗ 15 ವರ್ಷ. ಆಮೇಲೆ ಇಂಗ್ಲೆಂಡಿಗೆ ಮರಳಿದ ಹುಡುಗಿಯರಿಗೆ ಕಾದಿದ್ದದ್ದು ಆಟದಿಂದ ನಿಷೇಧ. ಆ ತಂಡದಲ್ಲಿ 13 ವರ್ಷದ ಲೀಯಾ ಕೇಲೆಬ್ ಕೂಡ ಇದ್ದರು. ಈ ತಂಡಗಳ ಕಥೆ ದಶಕಗಳ ಕಾಲ ಮನೆಯ ಆಲ್ಬಮ್ಮುಗಳಲ್ಲಷ್ಟೇ ಉಳಿಯಿತು. 2023ರಲ್ಲಿ ಬಂದ ‘ಕೋಪಾ 71’ ಸಾಕ್ಷ್ಯಚಿತ್ರ ಮೆಕ್ಸಿಕೊದ ಹಳೆಯ ದೃಶ್ಯ ತುಣುಕುಗಳನ್ನು ಹೊರತೆಗೆದ ಬಳಿಕವೇ ಬಹಳಷ್ಟು ಜನಕ್ಕೆ ಇದು ಗೊತ್ತಾದದ್ದು.

ದಾಖಲೆಯ ಗೊಂದಲ ಇಲ್ಲೇ ಇದೆ. ಫೈನಲ್‌ಗೆ ಸುಮಾರು 1,10,000 ಪ್ರೇಕ್ಷಕರಿದ್ದರು ಎಂದು ಬಹುತೇಕ ಬರಹಗಳು ಹೇಳುತ್ತವೆ. ಫಿಫಾ ಈ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದರ ಪುಸ್ತಕದಲ್ಲಿ ವಿಶ್ವಕಪ್‌ನ ಗರಿಷ್ಠ ಹಾಜರಾತಿ 1999ರ ಫೈನಲ್‌ನ 90,185. 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ–ವುಲ್ಫ್ಸ್‌ಬರ್ಗ್ ಕ್ಲಬ್ ಪಂದ್ಯಕ್ಕೆ 91,648 ಜನ ಬಂದಾಗ, ಮಹಿಳಾ ಫುಟ್‌ಬಾಲ್‌ನ ವಿಶ್ವದಾಖಲೆ ಎಂದು ಸುದ್ದಿಯಾದದ್ದೂ 1971ನ್ನು ಬದಿಗಿಟ್ಟೇ. ಇನ್ನೊಂದು ವಿಚಾರ ಇದಕ್ಕಿಂತ ಗಂಭೀರವಾದದ್ದು. 1971ರ ಏಪ್ರಿಲ್ 17ರಂದು ಫ್ರಾನ್ಸ್‌ನ ಆಜ್‌ಬ್ರೂಕ್‌ನಲ್ಲಿ ಫ್ರಾನ್ಸ್ ನೆದರ್ಲೆಂಡ್ಸನ್ನು 4–0ಯಿಂದ ಸೋಲಿಸಿದ ಪಂದ್ಯವನ್ನು ಫಿಫಾ ಮೊದಲ ಅಧಿಕೃತ ಮಹಿಳಾ ಅಂತರರಾಷ್ಟ್ರೀಯ ಪಂದ್ಯವೆಂದು ಮಾನ್ಯ ಮಾಡಿದೆ. ಆ ಪಂದ್ಯ ನಡೆದದ್ದು ಮೆಕ್ಸಿಕೊ ಟೂರ್ನಿಯ ಅರ್ಹತಾ ಪಂದ್ಯವಾಗಿ. ಅರ್ಹತಾ ಪಂದ್ಯ ಅಧಿಕೃತ, ಟೂರ್ನಿ ಮಾತ್ರ ಅನಧಿಕೃತ ಎಂಬ ನಿಲುವಿಗೆ ಆಧಾರ ಸಿಗುವುದಿಲ್ಲ. ಡೆನ್ಮಾರ್ಕ್ ತಂಡ ರಾಷ್ಟ್ರೀಯ ಸಂಸ್ಥೆಯದಲ್ಲ ಎಂಬ ಆಕ್ಷೇಪ ನಿಜ. ಆದರೆ ಡೆನ್ಮಾರ್ಕ್ ಸಂಸ್ಥೆ ಮಹಿಳಾ ಫುಟ್‌ಬಾಲನ್ನು ತನ್ನೊಳಗೆ ಸೇರಿಸಿಕೊಂಡದ್ದೇ 1972ರಲ್ಲಿ. ಸಂಸ್ಥೆಗಳು ಬಾಗಿಲು ಹಾಕಿದ್ದ ಕಾಲದಲ್ಲಿ ಸಂಸ್ಥೆಯ ಮುದ್ರೆ ಕೇಳುವುದು ನ್ಯಾಯವಾಗದು.

ಫಿಫಾದ ಕಡೆಗೆ

1971ರ ಬಳಿಕ ಯುರೋಪಿನ ಸಂಸ್ಥೆಗಳು ಒಂದೊಂದಾಗಿ ಮಹಿಳಾ ಫುಟ್‌ಬಾಲನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡವು. ಏಷ್ಯಾದಲ್ಲಿ ಪ್ರತ್ಯೇಕ ಮಹಿಳಾ ಒಕ್ಕೂಟವೇ 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಖಂಡದ ಚಾಂಪಿಯನ್‌ಷಿಪ್ ಆರಂಭಿಸಿತು. ಇದರಲ್ಲಿ ಭಾರತಕ್ಕೆ ಗಟ್ಟಿ ಪಾತ್ರವಿತ್ತು. ಕೇರಳದ ಕೋಯಿಕ್ಕೋಡಿನಲ್ಲಿ ನಡೆದ ಟೂರ್ನಿಗೆ ಭಾರತ ಎರಡು ತಂಡಗಳನ್ನು ಇಳಿಸಿತು. ಅವುಗಳಲ್ಲೊಂದು ಫೈನಲ್ ತಲುಪಿ ತೈವಾನ್‌ಗೆ 0–2ರಿಂದ ಸೋತಿತು. ಈ ಟೂರ್ನಿಯ ವರ್ಷ ಕೆಲವು ಪಟ್ಟಿಗಳಲ್ಲಿ 1979 ಎಂದೂ ಕೆಲವದರಲ್ಲಿ 1980 ಎಂದೂ ಇದೆ. ಎರಡೂ ಒಂದೇ ಟೂರ್ನಿ. 1983ರಲ್ಲಿ ಭಾರತ ಮತ್ತೆ ಫೈನಲ್‌ಗೇರಿ ಥಾಯ್ಲೆಂಡ್‌ಗೆ ಮಣಿಯಿತು. ಭಾರತದ ಮಹಿಳಾ ಫುಟ್‌ಬಾಲ್‌ನ ಅತ್ಯುತ್ತಮ ತಲೆಮಾರು ಆಡಿದ್ದು ವಿಶ್ವಕಪ್ ಎಂಬುದೇ ಇಲ್ಲದ ಕಾಲದಲ್ಲಿ. 2023ರವರೆಗಿನ ಒಂಬತ್ತು ವಿಶ್ವಕಪ್‌ಗಳಲ್ಲಿ ಒಂದಕ್ಕೂ ಭಾರತ ಅರ್ಹತೆ ಪಡೆದಿಲ್ಲ.

ತಿರುವು ಬಂದದ್ದು 1986ರಲ್ಲಿ. ಮೆಕ್ಸಿಕೊ ನಗರದಲ್ಲಿ ಸೇರಿದ್ದ ಫಿಫಾ ಮಹಾಸಭೆಯಲ್ಲಿ ನಾರ್ವೆಯ ಪ್ರತಿನಿಧಿ ಎಲೆನ್ ವಿಲ್ಲೆ ಎದ್ದು ನಿಂತು, ಫಿಫಾದ ಕಡತಗಳಲ್ಲಿ ಮಹಿಳೆಯರ ಪ್ರಸ್ತಾಪವೇ ಇಲ್ಲವೆಂದು ಆಕ್ಷೇಪಿಸಿ ವಿಶ್ವಕಪ್ ಬೇಕೆಂದು ಕೇಳಿದರು. ಆ ವೇದಿಕೆಯಲ್ಲಿ ಮಾತಾಡಿದ ಮೊದಲ ಮಹಿಳೆ ಅವರು. ಅಧ್ಯಕ್ಷ ಜೊವಾವ್ ಹಾವೆಲಾಂಜ್ ಒಪ್ಪಿದರು. 1988ರ ಜೂನ್‌ನಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ 12 ತಂಡಗಳ ಆಹ್ವಾನಿತ ಟೂರ್ನಿ ನಡೆಸಿ ಪರೀಕ್ಷಿಸಲಾಯಿತು. ಫೈನಲ್‌ನಲ್ಲಿ ನಾರ್ವೆ ಸ್ವೀಡನ್ನನ್ನು 1–0ಯಿಂದ ಸೋಲಿಸಿತು. ಬ್ರೆಜಿಲ್‌ಗೆ ಮೂರನೆಯ ಸ್ಥಾನ.

1991ರಿಂದ 2023

1991ರ ಮೊದಲ ಅಧಿಕೃತ ಟೂರ್ನಿಗೆ ‘ವಿಶ್ವಕಪ್’ ಎಂಬ ಹೆಸರನ್ನು ಆಗ ಕೊಟ್ಟಿರಲಿಲ್ಲ. ಪ್ರಾಯೋಜಕ ಮಿಠಾಯಿ ಬ್ರ್ಯಾಂಡಿನ ಹೆಸರು ಸೇರಿಸಿ ‘ವಿಶ್ವ ಚಾಂಪಿಯನ್‌ಷಿಪ್’ ಎಂದು ಕರೆದರು. ಪಂದ್ಯಗಳ ಅವಧಿ 80 ನಿಮಿಷ. ಗ್ವಾಂಗ್‌ಝೌ ಫೈನಲ್‌ನಲ್ಲಿ ಮಿಷೆಲ್ ಏಕರ್ಸ್ ಹೊಡೆದ ಎರಡು ಗೋಲುಗಳಿಂದ ಅಮೆರಿಕ ನಾರ್ವೆಯನ್ನು 2–1ರಿಂದ ಮಣಿಸಿತು. 90 ನಿಮಿಷದ ಆಟ ಬಂದದ್ದು 1995ರ ಸ್ವೀಡನ್ ಟೂರ್ನಿಯಲ್ಲಿ. 1999ರಲ್ಲಿ ಅಮೆರಿಕದಲ್ಲಿ 16 ತಂಡಗಳಾದವು. ಅಮೆರಿಕ ಪೆನಾಲ್ಟಿ ಶೂಟೌಟ್‌ನಲ್ಲಿ ಚೀನಾವನ್ನು ಸೋಲಿಸಿದ ಆ ಫೈನಲ್ ಮಹಿಳಾ ಫುಟ್‌ಬಾಲ್‌ಗೆ ದೊಡ್ಡ ಮಾರುಕಟ್ಟೆ ತೆರೆಯಿತು. 2003ರಲ್ಲಿ ಸಾರ್ಸ್ ಹರಡಿದ್ದರಿಂದ ಟೂರ್ನಿ ಚೀನಾದಿಂದ ಅಮೆರಿಕಕ್ಕೆ ಸ್ಥಳಾಂತರವಾಯಿತು. 2011ರಲ್ಲಿ, ಸುನಾಮಿಯ ಹೊಡೆತದ ಕೆಲವೇ ತಿಂಗಳ ನಂತರ, ಜಪಾನ್ ಕಪ್ ಗೆದ್ದ ಏಷ್ಯಾದ ಮೊದಲ ತಂಡವಾಯಿತು. ಕೆನಡಾದ 2015ರ ಟೂರ್ನಿಯಲ್ಲಿ 24 ತಂಡಗಳು ಕೃತಕ ಹುಲ್ಲಿನ ಮೇಲೆ ಆಡಬೇಕಾಯಿತು. ಪುರುಷರಿಗೆ ಇಂಥ ಮೈದಾನ ಕೊಡುವಿರಾ ಎಂದು ಆಟಗಾರ್ತಿಯರು ಒಂಟಾರಿಯೊ ಮಾನವ ಹಕ್ಕು ನ್ಯಾಯಮಂಡಳಿಗೆ ಹೋದರು, ಬಳಿಕ ದೂರು ಹಿಂಪಡೆದರು. 2023ರಲ್ಲಿ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ನೆಲದಲ್ಲಿ 32 ತಂಡಗಳು ಆಡಿದವು.

ಬಹುಮಾನದ ಮೊತ್ತ 2015ರಲ್ಲಿ 1.5 ಕೋಟಿ ಡಾಲರ್, 2019ರಲ್ಲಿ 3 ಕೋಟಿ, 2023ರಲ್ಲಿ 11 ಕೋಟಿ. 2022ರ ಪುರುಷರ ವಿಶ್ವಕಪ್‌ನಲ್ಲಿ ಇದು 44 ಕೋಟಿ ಡಾಲರ್ ಆಗಿತ್ತು. 1971ರ ಮೆಕ್ಸಿಕೊ ಆಟಗಾರ್ತಿಯರು ಕೇಳಿದ್ದ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಬ್ರೆಜಿಲ್: ನಿಷೇಧದ ಕಾಲ

ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡಲು ಶುರುಮಾಡಿದ್ದು 1980ರ ದಶಕದಲ್ಲಿ ಎಂಬ ಮಾತು ಹಳೆಯ ಪುಸ್ತಕಗಳಲ್ಲಿ ಕಾಣುತ್ತದೆ. ಇದು ತಪ್ಪೆಂದು ಈಚಿನ ಸಂಶೋಧನೆ ತೋರಿಸಿದೆ. ಇತಿಹಾಸಕಾರ್ತಿ ಐರಾ ಬಾನ್ಫಿಮ್ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1910ರ ದಶಕದಿಂದಲೇ ಉತ್ಸವಗಳಲ್ಲಿ, ಸರ್ಕಸ್ ಡೇರೆಗಳಲ್ಲಿ, ರಿಯೊ ನಗರದ ಹೊರವಲಯದ ಬಡಾವಣೆಗಳಲ್ಲಿ ಹೆಂಗಸರು ಫುಟ್‌ಬಾಲ್ ಆಡಿದ ದಾಖಲೆ ಹುಡುಕಿಕೊಟ್ಟಿದ್ದಾರೆ. 1940ರ ಮೇ ತಿಂಗಳಲ್ಲಿ ರಿಯೊದ ಮಹಿಳಾ ತಂಡಗಳು ಸಾವೊ ಪಾಲೊಗೆ ಹೋಗಿ, ಆಗಷ್ಟೇ ಉದ್ಘಾಟನೆಗೊಂಡಿದ್ದ ಪಕಾಯೆಂಬು ಕ್ರೀಡಾಂಗಣದಲ್ಲಿ ಆಡಿದವು.

ಈ ಜನಪ್ರಿಯತೆಯೇ ಮುಳುವಾಯಿತು. ಅದೇ ವರ್ಷ ಜೋಸೆ ಫುಜೇರಾ ಎಂಬ ನಾಗರಿಕರೊಬ್ಬರು ಅಧ್ಯಕ್ಷ ಜೆಟುಲಿಯೊ ವರ್ಗಾಸ್‌ಗೆ ಪತ್ರ ಬರೆದು, ಫುಟ್‌ಬಾಲ್ ಹೆಣ್ಣಿನ ತಾಯ್ತನಕ್ಕೆ ಧಕ್ಕೆ ತರುತ್ತದೆ, ಸರ್ಕಾರ ತಡೆಯಬೇಕು ಎಂದು ಒತ್ತಾಯಿಸಿದರು. ಪತ್ರಿಕೆಗಳಲ್ಲಿ ಅದು ಚರ್ಚೆಯಾಯಿತು, ವೈದ್ಯರೂ ದನಿಗೂಡಿಸಿದರು. 1941ರ ಏಪ್ರಿಲ್ 14ರಂದು ಹೊರಬಿದ್ದ 3,199ನೇ ಸಂಖ್ಯೆಯ ಕ್ರೀಡಾ ಶಾಸನದ 54ನೇ ವಿಧಿ, ಹೆಣ್ಣಿನ ಪ್ರಕೃತಿಗೆ ಹೊಂದದ ಕ್ರೀಡೆಗಳನ್ನು ಮಹಿಳೆಯರು ಆಡಕೂಡದು ಎಂದಿತು. ಅದರಲ್ಲಿ ಫುಟ್‌ಬಾಲ್ ಹೆಸರು ಇರಲಿಲ್ಲ. ಸೇನಾಡಳಿತ ಬಂದ ಬಳಿಕ, 1965ರ 7ನೇ ನಿರ್ಣಯ ಫುಟ್‌ಬಾಲ್, ಒಳಾಂಗಣ ಫುಟ್‌ಬಾಲ್, ಕಡಲತೀರದ ಫುಟ್‌ಬಾಲ್ ಎಂದು ಹೆಸರಿಸಿಯೇ ನಿಷೇಧಿಸಿತು. ಬ್ರೆಜಿಲ್ ಮಹಿಳಾ ಫುಟ್‌ಬಾಲನ್ನು 1941ರಲ್ಲಿ ನಿಷೇಧಿಸಿತೋ 1965ರಲ್ಲೋ ಎಂದು ಆಕರಗಳಲ್ಲಿ ಕಾಣುವ ಭಿನ್ನಾಭಿಪ್ರಾಯದ ಮೂಲ ಇದು. ಮೊದಲನೆಯದು ತತ್ವ, ಎರಡನೆಯದು ಅದರ ಸ್ಪಷ್ಟೀಕರಣ ಎಂದು ಓದುವುದೇ ಸರಿ. ಅಷ್ಟಾದರೂ ಆಟ ಪೂರ್ತಿ ನಿಲ್ಲಲಿಲ್ಲ. 1950ರ ದಶಕದ ಕೊನೆಗೆ ಮಿನಾಸ್ ಜೆರೈಸ್ ರಾಜ್ಯದ ಅರಗ್ವಾರಿ ಪಟ್ಟಣದ ಹುಡುಗಿಯರು ತಂಡ ಕಟ್ಟಿ ಊರೂರು ಸುತ್ತಿ ಆಡಿದರು, ಆಮೇಲೆ ಅವರನ್ನೂ ತಡೆಯಲಾಯಿತು.

ನಿಷೇಧ ತೆರವಾದದ್ದು 1979ರಲ್ಲಿ. ಆಟಕ್ಕೆ ನಿಯಮಾವಳಿ ಬಂದದ್ದು 1983ರಲ್ಲಿ. ಅಂದರೆ 1988ರಲ್ಲಿ ಚೀನಾಕ್ಕೆ ಹೋದ ಬ್ರೆಜಿಲ್ ತಂಡದ ಹಿಂದೆ ಕಾನೂನುಬದ್ಧವಾಗಿ ಬೆಳೆದ ಒಂದು ದಶಕವೂ ಇರಲಿಲ್ಲ. ರಿಯೊದ ರಾದಾರ್ ಕ್ಲಬ್ಬಿನ ಆಟಗಾರ್ತಿಯರೇ ಆ ತಂಡದ ಬೆನ್ನೆಲುಬು. ಅಲ್ಲಿಂದ 1999ರಲ್ಲಿ ಮೂರನೆಯ ಸ್ಥಾನಕ್ಕೂ 2007ರಲ್ಲಿ ಫೈನಲ್‌ಗೂ ಏರಿದ್ದು ಸಣ್ಣ ಸಾಧನೆಯಲ್ಲ. 1978ರಲ್ಲಿ, ನಿಷೇಧ ಇನ್ನೂ ಜಾರಿಯಲ್ಲಿದ್ದಾಗ ಸಾಲ್ವಡಾರ್‌ನಲ್ಲಿ ಹುಟ್ಟಿದ ಫೋರ್ಮಿಗಾ 1995ರಿಂದ 2019ರವರೆಗೆ ಏಳು ವಿಶ್ವಕಪ್ ಆಡಿದರು. ಮಾರ್ತಾ 17 ಗೋಲುಗಳೊಂದಿಗೆ, ಪುರುಷರನ್ನೂ ಸೇರಿಸಿ, ವಿಶ್ವಕಪ್‌ಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ದಾಖಲೆ ಹೊಂದಿದ್ದಾರೆ. ಬ್ರೆಜಿಲ್ ಮಾತ್ರ ಕಪ್ ಗೆದ್ದಿಲ್ಲ.

ಈ ಚರಿತ್ರೆಯ ಸಂಗ್ರಹಕ್ಕೆ ಮುಖ್ಯ ತಾಣ ಸಾವೊ ಪಾಲೊದ ಫುಟ್‌ಬಾಲ್ ವಸ್ತುಸಂಗ್ರಹಾಲಯ. 1940ರಲ್ಲಿ ಆ ತಂಡಗಳು ಆಡಿದ ಪಕಾಯೆಂಬು ಕ್ರೀಡಾಂಗಣದ ಕಟ್ಟಡದಲ್ಲೇ ಅದು ಇದೆ. 2015ರಿಂದ ಅಲ್ಲಿ ಹಳೆಯ ಆಟಗಾರ್ತಿಯರ ಫೋಟೊ ಮತ್ತು ನೆನಪುಗಳು ಪ್ರದರ್ಶನಕ್ಕೆ ಬರತೊಡಗಿದವು. 2019ರಲ್ಲಿ ನಿಷೇಧದ ಚರಿತ್ರೆಯನ್ನೇ ಮುಂದಿಟ್ಟ ದೊಡ್ಡ ಪ್ರದರ್ಶನ ನಡೆಯಿತು.

2027ರ ಟೂರ್ನಿ

2024ರ ಮೇ 17ರಂದು ಬ್ಯಾಂಕಾಕ್‌ನಲ್ಲಿ ಫಿಫಾ ಮಹಾಸಭೆಯ ಸದಸ್ಯರು ಮಹಿಳಾ ವಿಶ್ವಕಪ್‌ನ ಆತಿಥೇಯರನ್ನು ಮೊದಲ ಬಾರಿಗೆ ತಾವೇ ಮತ ಹಾಕಿ ಆರಿಸಿದರು. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಜರ್ಮನಿಯ ಜಂಟಿ ಪ್ರಸ್ತಾವಕ್ಕೆ 78 ಮತ, ಬ್ರೆಜಿಲ್‌ಗೆ 119. ದಕ್ಷಿಣ ಆಫ್ರಿಕಾ, ಆಮೇಲೆ ಅಮೆರಿಕ–ಮೆಕ್ಸಿಕೊ ಜೋಡಿ ಮೊದಲೇ ಹಿಂದೆ ಸರಿದಿದ್ದವು. ರಿಯೊ ಡಿ ಜನೈರೊ, ಸಾವೊ ಪಾಲೊ, ಬ್ರೆಸಿಲಿಯಾ, ಬೆಲೊ ಹೊರಿಜಾಂಟೆ, ಪೋರ್ಟೊ ಅಲೆಗ್ರೆ, ಸಾಲ್ವಡಾರ್, ರೆಸಿಫೆ ಮತ್ತು ಫೋರ್ಟಲೇಜಾ ಆತಿಥೇಯ ನಗರಗಳು. ಇವೆಲ್ಲವೂ 2014ರ ಪುರುಷರ ವಿಶ್ವಕಪ್ ನಡೆದ ಊರುಗಳೇ.

32 ತಂಡಗಳ ಪೈಕಿ ಯುರೋಪಿಗೆ 11, ಏಷ್ಯಾಕ್ಕೆ 6, ಆಫ್ರಿಕಾಕ್ಕೆ 4, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ 4, ಆತಿಥೇಯರನ್ನೂ ಸೇರಿಸಿ ದಕ್ಷಿಣ ಅಮೆರಿಕಕ್ಕೆ 3, ಓಷಿಯಾನಿಯಾಕ್ಕೆ 1 ನೇರ ಸ್ಥಾನ. ಉಳಿದ ಮೂರು ಪ್ಲೇ ಆಫ್ ಮೂಲಕ. ಏಷ್ಯಾದ ಸ್ಥಾನಗಳಿಗೆ ದಾರಿ 2026ರ ಏಷ್ಯನ್ ಕಪ್. ಭಾರತ 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಆ ಟೂರ್ನಿಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಭಾರತವೇ ಆತಿಥ್ಯ ವಹಿಸಿದ್ದ 2022ರ ಏಷ್ಯನ್ ಕಪ್‌ನಲ್ಲಿ, ಕೋವಿಡ್‌ನಿಂದಾಗಿ ತಂಡಕ್ಕೆ 13 ಆಟಗಾರ್ತಿಯರನ್ನೂ ಹೊಂದಿಸಲಾಗದೆ ಹೊರಬೀಳಬೇಕಾಗಿತ್ತು.

32 ತಂಡಗಳ ಮಾದರಿಯ ಕೊನೆಯ ಮಹಿಳಾ ವಿಶ್ವಕಪ್ ಬ್ರೆಜಿಲ್‌ನದೇ. 2031ರಿಂದ 48 ತಂಡಗಳು ಆಡಲಿವೆ ಎಂದು ಫಿಫಾ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿದೆ.