ಅಳತೆಗೋಲು ಬದಲಾದ ನೂರು ವರ್ಷ

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಕೊನೆಯ ಸ್ಥಾನದ ಕಲಬುರಗಿಯಲ್ಲಿ ಪಾಸಾದವರು ಶೇ. 42.43. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಮಂಡಳಿಯೂ ಒಂದೇ. ಇಂಥ ಹೊತ್ತಿನಲ್ಲಿ ಮೇಷ್ಟ್ರನ್ನು ದೂರುವುದು ಸುಲಭ, ಮಕ್ಕಳನ್ನು ದೂರುವುದು ಇನ್ನೂ ಸುಲಭ. ಆದರೆ ಪರೀಕ್ಷಾ ಕೊಠಡಿಯ ಬೆಂಚಿನಲ್ಲಿ ಮಗು ಒಂಟಿಯಾಗಿ ಕೂತಿರುವುದಿಲ್ಲ. ಅಪ್ಪನ ಕಸುಬು, ಅವ್ವನ ಓದು, ಮನೆತನದ ಜಾತಿ, ಹೊಟ್ಟೆಯ ಹಸಿವು, ಊರಿನ ಚರಿತ್ರೆ ಎಲ್ಲವೂ ಅದರ ಜೊತೆ ಬಂದಿರುತ್ತವೆ. ಇವುಗಳಲ್ಲಿ ಯಾವುದು ಎಷ್ಟು ತೂಗುತ್ತದೆ ಎಂದು ಕನ್ನಡ ನಾಡು ನೂರು ವರ್ಷಕ್ಕೂ ಮೀರಿ ಕೇಳುತ್ತ ಬಂದಿದೆ. ಒಂದೊಂದು ಕಾಲವೂ ಒಂದೊಂದು ಅಳತೆಗೋಲು ಹಿಡಿಯಿತು. ಹಿಂದಿನದಕ್ಕೆ ಕಾಣದ್ದು ಮುಂದಿನದಕ್ಕೆ ಕಂಡಿತು.

ಅಧ್ಯಯನಕ್ಕಿಂತ ಮೊದಲು ಕೆಲಸ ಶುರುವಾಗಿತ್ತು. ಮಂಗಳೂರಿನ ಕುದ್ಮುಲ್ ರಂಗರಾವ್ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಅಸ್ಪೃಶ್ಯರೆಂದು ಹೊರಗಿಟ್ಟಿದ್ದ ಸಮುದಾಯಗಳ ಮಕ್ಕಳಿಗೆ ಶಾಲೆ ನಡೆಸಿದರು. ಶಾಲೆಯ ಬಾಗಿಲು ತೆರೆದರಷ್ಟೇ ಸಾಲದು, ಮಗು ಅಲ್ಲಿಯವರೆಗೆ ಬರುವಂತೆಯೂ ಮಾಡಬೇಕು ಎಂಬ ಅರಿವು ಅವರಿಗಿತ್ತು. ಮಕ್ಕಳಿಗೆ ಊಟವನ್ನೂ ಕೊಟ್ಟರು. ಮುಂದೆ ಸರ್ಕಾರಗಳು ನೂರು ವರ್ಷ ಸುತ್ತಿ ಬಂದು ನಿಂತದ್ದು ಇದೇ ಜಾಗಕ್ಕೆ.

ಸರ್ಕಾರದ ಮಟ್ಟದಲ್ಲಿ ಲೆಕ್ಕ ಆರಂಭವಾದದ್ದು 1918ರಲ್ಲಿ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಸಂಸ್ಥಾನದ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದುದು ಏಕೆ ಎಂಬುದು ಪ್ರಶ್ನೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಅದಕ್ಕೆ ಬೇಕಾದ ಓದು ದಕ್ಕಲೆಂದು ವಿದ್ಯಾರ್ಥಿವೇತನವನ್ನೂ ಕೇಳಿತು. ಅರ್ಹತೆಗೆ ಕುಂದು ಬಂದೀತೆಂದು ಭಾವಿಸಿದ್ದ ದಿವಾನ ಸರ್ ಎಂ. ವಿಶ್ವೇಶ್ವರಯ್ಯ ಅದೇ ವರ್ಷ ದಿವಾನಗಿರಿ ಬಿಟ್ಟರು. ಅರ್ಹತೆ ಎಂದರೇನು, ಅದು ಹುಟ್ಟುವುದೆಲ್ಲಿ ಎಂಬ ಚರ್ಚೆ ಅಂದು ಹೊತ್ತಿಕೊಂಡದ್ದು ಇಂದಿಗೂ ಆರಿಲ್ಲ.

ಅದೇ 1918ರಲ್ಲಿ ನಿಜಾಮನ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಅಲ್ಲಿನ ಬೋಧನೆ ಉರ್ದುವಿನಲ್ಲಿ. ಆ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರಿನ ಕನ್ನಡದ ಮಗುವಿಗೆ ಮನೆಮಾತಿನಲ್ಲಿ ಮೇಲಿನ ಓದಿಗೆ ಹೋಗುವ ದಾರಿಯೇ ಇರಲಿಲ್ಲ. ಕರಾವಳಿಗೆ ಬಾಸೆಲ್ ಮಿಷನ್ 1834ರಲ್ಲೇ ಬಂದಿತ್ತು, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ತೆರೆದಿತ್ತು. 2025ರ ಫಲಿತಾಂಶ ಪಟ್ಟಿಯ ಮೇಲ್ತುದಿಗೂ ಕೆಳತುದಿಗೂ ಇರುವ ಅಂತರದಲ್ಲಿ ಈ ಹಳೆಯ ಅಂತರವೂ ಸೇರಿದೆ.

ಸ್ವಾತಂತ್ರ್ಯದ ಬಳಿಕ ಅಳತೆ ಅಂಕಿಗಳಿಗೆ ಬಂತು. ಹಿಂದುಳಿದ ವರ್ಗಗಳನ್ನು ಗುರುತಿಸಲು ನೇಮಕವಾದ ನಾಗನಗೌಡ ಸಮಿತಿ ಪ್ರತಿ ಸಮುದಾಯದ ಸಾವಿರ ಜನರಿಗೆ ಎಷ್ಟು ಮಕ್ಕಳು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿದ್ದಾರೆ ಎಂದು ಎಣಿಸಿತು. ರಾಜ್ಯದ ಸರಾಸರಿ 6.9. ಈ ವರದಿಯ ಜಾಡಿನಲ್ಲಿ ಮೈಸೂರು ಸರ್ಕಾರ 1962ರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಶೇ. 68 ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಜಾತಿಯೊಂದೇ ಅಳತೆಯಾಗಬಾರದು, ಬಡತನವನ್ನೂ ಕಸುಬನ್ನೂ ವಾಸದ ಊರನ್ನೂ ನೋಡಬೇಕು ಎಂದಿತು. ಸರ್ಕಾರ ಆಗ ಇನ್ನೊಂದು ತುದಿಗೆ ಹೋಯಿತು: ವರ್ಷಕ್ಕೆ 1,200 ರೂಪಾಯಿ ಮೀರದ ಕುಟುಂಬದ ಆದಾಯ ಮತ್ತು ಬೇಸಾಯ, ಸಣ್ಣ ವ್ಯಾಪಾರ, ಕೈಕೆಲಸದಂಥ ವೃತ್ತಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟ್ ಇದನ್ನು ಒಪ್ಪಿತು. ಎರಡೇ ವರ್ಷದಲ್ಲಿ ಜಾತಿಯ ಗೋಲು ಕೆಳಗಿಳಿದು ಆದಾಯದ ಗೋಲು ಮೇಲೆ ಬಂದಿತ್ತು.

ಹೊರಜಗತ್ತಿನ ಸಮಾಜಶಾಸ್ತ್ರ ಇದೇ ಪ್ರಶ್ನೆಗೆ ದೊಡ್ಡದಾಗಿ ಕೈಹಾಕಿದ್ದು ಆ ದಶಕದಲ್ಲೇ. ಅಮೆರಿಕದ ಜೇಮ್ಸ್ ಕೋಲ್‌ಮನ್ ತಂಡ ಸುಮಾರು 4,000 ಶಾಲೆಗಳ ಸರಿಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1966ರಲ್ಲಿ ವರದಿ ಕೊಟ್ಟಿತು. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳಿಗಿಂತ ಮಗುವಿನ ಮನೆ ಹೆಚ್ಚು ತೂಗುತ್ತದೆ ಎಂಬುದು ಅದರ ತೀರ್ಮಾನ. ಪಕ್ಕದ ಬೆಂಚಿನಲ್ಲಿ ಯಾರ ಮನೆಯ ಮಕ್ಕಳಿದ್ದಾರೆ ಎಂಬುದೂ ಓದನ್ನು ಪ್ರಭಾವಿಸುತ್ತದೆ ಎಂದು ಅದು ಕಂಡುಕೊಂಡಿತು. ಫ್ರಾನ್ಸಿನ ಪಿಯೆರ್ ಬೋರ್ದಿಯೂ ಮನೆಯ ಮಾತು, ಪುಸ್ತಕ, ನಡೆನುಡಿಗಳನ್ನೇ ಒಂದು ಬಂಡವಾಳವೆಂದು ಕರೆದರು. ಓದಿದವರ ಮನೆಯ ಮಗು ಆ ಬಂಡವಾಳ ಹಿಡಿದೇ ಶಾಲೆಗೆ ಬರುತ್ತದೆ, ಶಾಲೆ ಅದನ್ನೇ ಪ್ರತಿಭೆ ಎಂದು ಕರೆದು ಅಂಕ ಕೊಡುತ್ತದೆ ಎಂಬುದು ಅವರ ವಾದ.

ಹಾಗಾದರೆ ಶಾಲೆಯಿಂದ ಏನೂ ಆಗದೇ? 1983ರಲ್ಲಿ ಸಂಶೋಧಕರಾದ ಹೇನ್‌ಮನ್ ಮತ್ತು ಲಾಕ್ಸ್‌ಲಿ 29 ದೇಶಗಳ ಅಂಕಿಅಂಶ ಒಟ್ಟಿಗಿಟ್ಟು ನೋಡಿದರು. ದೇಶ ಬಡವಾದಷ್ಟೂ ಮಗುವಿನ ಕಲಿಕೆಯಲ್ಲಿ ಮನೆಯ ಪಾಲು ಕಡಿಮೆ, ಶಾಲೆ ಮತ್ತು ಶಿಕ್ಷಕರ ಪಾಲು ಹೆಚ್ಚು ಎಂಬುದು ಅವರಿಗೆ ಕಂಡ ಚಿತ್ರ. ಮುಂದಿನ ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ. ಆದರೂ ಭಾರತದಂಥ ದೇಶಕ್ಕೆ ಇದು ಹೊಣೆ ಹೊರಿಸಿದ ಮಾತು. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಸಿಗುವ ಏಕೈಕ ಪುಸ್ತಕ ಶಾಲೆಯದು.

ಕರ್ನಾಟಕದಲ್ಲಿ ಅಷ್ಟರಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬಂದುಹೋಗಿತ್ತು. ಮುಖ್ಯಮಂತ್ರಿ ದೇವರಾಜ ಅರಸು 1972ರಲ್ಲಿ ವಕೀಲ ಎಲ್‌.ಜಿ. ಹಾವನೂರ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿದರು. ಆಯೋಗ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. 1972ರ ಎಸ್ಸೆಸ್ಸೆಲ್ಸಿಯಲ್ಲಿ ಯಾವ ಸಮುದಾಯದ ಸಾವಿರಕ್ಕೆ ಎಷ್ಟು ಮಕ್ಕಳು ಪಾಸಾದರು ಎಂಬುದನ್ನು ಹಿಂದುಳಿದಿರುವಿಕೆಗೆ ಅಳತೆ ಮಾಡಿಕೊಂಡಿತು. 1975ರಲ್ಲಿ ಬಂದ ವರದಿ ಹಿಂದುಳಿದವರ ಬೈಬಲ್ ಎಂದೇ ಹೆಸರಾಯಿತು. ಅರಸು ಸರ್ಕಾರ 1977ರಲ್ಲಿ ಅದನ್ನು ಜಾರಿಗೆ ತಂದಾಗ ಜಾತಿ ನೋಡದೆ ಆದಾಯ, ವೃತ್ತಿ ನೋಡುವ ‘ವಿಶೇಷ ಗುಂಪು’ ಕೂಡ ಅದರಲ್ಲಿತ್ತು. ಎರಡೂ ಗೋಲುಗಳು ಮೊದಲ ಬಾರಿಗೆ ಒಂದೇ ಆದೇಶದಲ್ಲಿ ಕೂಡಿದವು.

ವಿವಾದ ಮುಗಿಯಲಿಲ್ಲ. 1985ರ ವಸಂತಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಐದು ಬೇರೆ ಬೇರೆ ಅಭಿಪ್ರಾಯ ಬರೆದರು. ಡಿ.ಎ. ದೇಸಾಯಿ ಅವರಿಗೆ ಬಡತನವೇ ಸರಿಯಾದ ಅಳತೆಯಾಗಿ ಕಂಡಿತು. ಜಾತಿಯನ್ನು ಬಿಟ್ಟರೆ ಭಾರತದ ಬಡತನವೇ ಅರ್ಥವಾಗದೆಂದು ಚಿನ್ನಪ್ಪ ರೆಡ್ಡಿ ವಾದಿಸಿದರು. ಅದೇ ಚಿನ್ನಪ್ಪ ರೆಡ್ಡಿ ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗ ನಡೆಸಿ 1990ರಲ್ಲಿ ವರದಿ ಕೊಟ್ಟರು.

ಇಬ್ಬರ ವಾದದ ನಡುವೆ ಉಳಿದ ಪ್ರಶ್ನೆ, ಬಡತನವನ್ನು ಬದಿಗಿಟ್ಟರೂ ಜಾತಿಯೇ ಮಗುವಿಗೆ ಪೆಟ್ಟು ಕೊಡುತ್ತದೆಯೇ ಎಂಬುದು. ಅದಕ್ಕೆ ಉತ್ತರಪ್ರದೇಶದ ಹಳ್ಳಿಗಳಿಂದ ಉತ್ತರ ಬಂತು. ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರು, ಏಳನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಎಂದು ಕರೆಸಿಕೊಂಡ ಎರಡೂ ಗುಂಪಿನ ಹುಡುಗರು ಸಮನಾಗಿ ಬಿಡಿಸಿದರು. ಎಲ್ಲರೆದುರು ಜಾತಿಯ ಹೆಸರು ಕೂಗಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಮಗುವಿನ ಬುದ್ಧಿ ಅದೇ ಇತ್ತು, ಬದಲಾದದ್ದು ಕೋಣೆ. ಆದಾಯ ಪ್ರಮಾಣಪತ್ರ ಈ ಪೆಟ್ಟನ್ನು ಅಳೆಯಲಾರದು.

ಊರೇ ಅಳತೆಗೋಲಾದದ್ದು 2002ರಲ್ಲಿ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ತೂಗಿತು. 114 ಹಿಂದುಳಿದವು ಎಂದು ಕಂಡಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಅಲ್ಲಿಂದ ಹತ್ತು ವರ್ಷಗಳ ನಂತರ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು. ಅದಕ್ಕೆ ತುಸು ಮೊದಲಿನ 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ವೃತ್ತಿಶಿಕ್ಷಣದ ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿಟ್ಟಿರುವುದರ ಹಿಂದೆಯೂ ಊರು ತೂಗುತ್ತದೆ ಎಂಬ ಇದೇ ತಿಳಿವಳಿಕೆ ಇದೆ. ಆದರೆ ಸಿಇಟಿಯ ಬಾಗಿಲಿಗೆ ಬರುವ ಮೊದಲೇ ಶಾಲೆ ಬಿಟ್ಟ ಮಗುವಿಗೆ ಆ ಮೀಸಲು ತಲುಪುವುದಿಲ್ಲ.

ತಲುಪಿದ್ದು ಊಟದ ತಟ್ಟೆ. 2002ರಲ್ಲಿ ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಮಠಗಳ ದಾಸೋಹದ ಹೆಸರನ್ನೇ ಹೊತ್ತ ಯೋಜನೆಯದು. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಸೇರಿತು, 2021ರ ಡಿಸೆಂಬರಿನಲ್ಲಿ ಹಿಂದುಳಿದ ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು. ಈ ತಟ್ಟೆಯ ಫಲ ಒಂದು ತಲೆಮಾರಿಗೇ ನಿಲ್ಲುವುದಿಲ್ಲ. ಬಾಲ್ಯದಲ್ಲಿ ಶಾಲೆಯ ಬಿಸಿಯೂಟ ಉಂಡ ಹೆಣ್ಣುಮಕ್ಕಳು ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಎಂದು ದೇಶವ್ಯಾಪಿ ಅಂಕಿಅಂಶ ಆಧರಿಸಿದ ಅಧ್ಯಯನವೊಂದು 2021ರಲ್ಲಿ ತೋರಿಸಿತು. ಸೈಕಲ್ಲಿನ ಕತೆಯೂ ಇಂಥದ್ದೇ. ಕರ್ನಾಟಕ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲಾರಂಭಿಸಿದ್ದು 2006–07ರಲ್ಲಿ. ಅದೇ ಕಾಲದ ಬಿಹಾರದ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪರಿಶೀಲಿಸಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿದ್ದು ಕಂಡಿತು.

ಕೋಲ್‌ಮನ್ ಹೇಳಿದ ಪಕ್ಕದ ಬೆಂಚಿನ ಮಾತು ಮಾತ್ರ ಇಲ್ಲಿ ಹಿಂದೆ ಸರಿಯಿತು. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡಮಕ್ಕಳಿಗೆ ಇಟ್ಟಿತ್ತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟು ಬೇಡವೆಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ದೆಹಲಿಯ ಶಾಲೆಗಳನ್ನು ಅಧ್ಯಯನ ಮಾಡಿದ ಗೌತಮ್ ರಾವ್, ಬಡ ಸಹಪಾಠಿಗಳೊಂದಿಗೆ ಕಲಿತ ಶ್ರೀಮಂತ ಮಕ್ಕಳಲ್ಲಿ ಉದಾರತೆ ಹೆಚ್ಚಿ ತಾರತಮ್ಯ ತಗ್ಗಿದ್ದನ್ನು ದಾಖಲಿಸಿದ್ದಾರೆ. ಆ ಲಾಭವನ್ನು ಕರ್ನಾಟಕ ತಾನಾಗಿ ಕಳೆದುಕೊಂಡಿತು.

ಜಾತಿ, ಆದಾಯ, ಮನೆ, ಊರು, ತಟ್ಟೆ, ಬೆಂಚು. ಈ ಗೋಲುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಒಂಟಿಯಾಗಿ ಸಾಲದು. ಇವನ್ನೆಲ್ಲ ಒಟ್ಟಿಗೆ ಅಳೆಯುವ ಸಾಮಗ್ರಿ ಈಗ ರಾಜ್ಯದ ಬಳಿ ಇದೆ. 2015ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಸುಮಾರು 5.98 ಕೋಟಿ ಜನರನ್ನು ಮುಟ್ಟಿತು. ಅದರ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ಮರುಸಮೀಕ್ಷೆ ಆರಂಭವಾಯಿತು. ಯಾವ ಜಾತಿಯ ತಲೆ ಎಷ್ಟು ಎಂಬ ಜಗಳದಲ್ಲೇ ಈ ಸಮೀಕ್ಷೆಗಳು ಕಳೆದುಹೋಗಬಾರದು. ಹೆಸರು, ವಿಳಾಸ ತೆಗೆದು, ತಾಲ್ಲೂಕುವಾರು ಅಂಕಿಅಂಶಗಳನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಜೊತೆ ಸೇರಿಸಿ ಸರ್ಕಾರ ಸಂಶೋಧಕರಿಗೂ ಶಿಕ್ಷಕರಿಗೂ ತೆರೆದಿಡಲಿ. ಗಣಕಯಂತ್ರ ಅಪರೂಪವಾಗಿದ್ದ ಕಾಲದಲ್ಲಿ ಹಾವನೂರು ಆಯೋಗ ಇದನ್ನು ಕೈಲಾದಷ್ಟು ಮಾಡಿತ್ತು. ಕಲಬುರಗಿಯಲ್ಲಿ ಪಾಸಾಗದೆ ಉಳಿದ ಆ ಶೇ. 57.57 ಮಕ್ಕಳು ಯಾರು, ಯಾವ ಮನೆಯವರು, ಎಷ್ಟು ದೂರ ನಡೆದು ಬಂದವರು ಎಂಬುದು ಆಗ ತಿಳಿಯುತ್ತದೆ.